ಕೊಡುವುದಾದರೆ ಕೈಯಾರೆ

ಕೊಟ್ಟದ್ದಷ್ಟೇ ನಮ್ಮದಾಗಿ ಉಳಿಯುತ್ತದೆ, ಅಡಗಿಸಿಟ್ಟದ್ದು ಇನ್ನೊಬ್ಬರ ಪಾಲಾಗುತ್ತದೆ. ಕೊಟ್ಟು ಕೆಟ್ಟೆನೆಂದು ಕೊರಗಬೇಡ, ಮುಂದಿನ ದಾರಿಗೆ ಅದೇ ಬುತ್ತಿ. ಹೀಗೆನ್ನುವ ಸರ್ವಜ್ಞನ ತ್ರಿಪದಿ ನಮ್ಮಲ್ಲಿ ಬಹಳ ಮಂದಿಗೆ ಬಾಯಿಪಾಠ. ಅನ್ನದಾನಕ್ಕೆ, ಧನದಾನಕ್ಕೆ ಅದನ್ನು ಅನ್ವಯಿಸುವುದು ರೂಢಿ. ಜೀವಮಾನವಿಡೀ ಅಕ್ಕರೆಯಿಂದ ಕೂಡಿಸಿದ ಪುಸ್ತಕ, ಗ್ರಾಮಫೋನ್ ತಟ್ಟೆ, ಕ್ಯಾಸೆಟ್ಟುಗಳ ವಿಷಯದಲ್ಲಿ ಅದು ಇನ್ನೂ ಹೆಚ್ಚು ನಿಜ.

ಅಡಗಿಸಿಟ್ಟದ್ದು ಯಾರ ಪಾಲಾಗುತ್ತದೆ? ಗೆದ್ದಲಿನ ಪಾಲು, ಬೂಷ್ಟಿನ ಪಾಲು. ಉಳಿದದ್ದು ರದ್ದಿ ಅಂಗಡಿಯ ತಕ್ಕಡಿಗೆ. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಕಪಾಟು ತೆರೆಯುತ್ತಾರೆ. 'ಸುಧಾ'ದಿಂದ ವಾರವಾರ ಕತ್ತರಿಸಿ, ರಟ್ಟು ಹಾಕಿಸಿ ಬೈಂಡ್ ಮಾಡಿಸಿದ ಧಾರಾವಾಹಿ ಇರುತ್ತದೆ. ಪಕ್ಕದಲ್ಲಿ ಒಂದು ಕ್ಯಾಸೆಟ್ಟು, ಮೇಲೆ ಪೆನ್ಸಿಲಿನಲ್ಲಿ 'ರಾಮನವಮಿ, ಕೊನೇ ದಿನ' ಎಂದಷ್ಟೇ ಬರಹ. ಯಾವ ವರ್ಷ, ಹಾಡಿದವರು ಯಾರು, ಪಿಟೀಲು ಯಾರದು? ಬಲ್ಲವರು ಹೋದರು, ಅವರೊಂದಿಗೆ ಅರ್ಧ ಕಛೇರಿಯೂ ಹೋಯಿತು.

ಕೊಟ್ಟದ್ದು ನಮ್ಮದಾಗಿ ಉಳಿಯುವುದು ಹೇಗೆ? ಮನಸ್ಸಿಟ್ಟು ಓದಿದ ಪುಸ್ತಕ ನಮ್ಮ ಮಾತಿನಲ್ಲಿ, ವಿವೇಕದಲ್ಲಿ ಆಗಲೇ ಬೆರೆತಿರುತ್ತದೆ. ಮತ್ತೆಮತ್ತೆ ಕೇಳಿದ ರಾಗ ಕಿವಿಯಲ್ಲಿ ನೆಲೆಸಿರುತ್ತದೆ. ಪ್ರತಿ ಕೈಬಿಟ್ಟರೂ ಈ ಗಳಿಕೆ ಕೈಬಿಡುವುದಿಲ್ಲ. ಪುಸ್ತಕ ಪರರ ಕೈ ಸೇರಿದರೆ ಹೋದಂತೆಯೇ ಎಂದು ಎಚ್ಚರಿಸುವ ಸಂಸ್ಕೃತ ಸುಭಾಷಿತವೂ ಉಂಟು, ನಿಜ. ಆ ಭಯ ಎರವಲು ಕೊಟ್ಟವರದು. ಅವರು ಹಿಂದಿರುಗುವ ದಾರಿ ಕಾಯುತ್ತಾರೆ. ಮನಸಾರೆ ಕೊಟ್ಟುಬಿಟ್ಟವರಿಗೆ ಆ ಕಾಯುವಿಕೆಯೇ ಇಲ್ಲ.

ಇನ್ನು ಬುತ್ತಿಯ ಮಾತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಓದಿ, ಶತಮಾನಗಳಿಂದ ಕಳೆದುಹೋಗಿದ್ದ ಕೌಟಿಲ್ಯನ 'ಅರ್ಥಶಾಸ್ತ್ರ' ಇದೇ ಎಂದು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು; ಪ್ರಾಚೀನ ಭಾರತದ ರಾಜ್ಯಾಡಳಿತದ ಬಗೆಗಿದ್ದ ತಿಳಿವಳಿಕೆಯೇ ಬದಲಾಯಿತು. ಆ ಕಟ್ಟು ಮನೆಯ ಅಟ್ಟದಲ್ಲೇ ಉಳಿದಿದ್ದರೆ ಹುಳುವಿಗೆ ಆಹಾರವಾಗುತ್ತಿತ್ತೋ ಏನೋ. ಓದಬಲ್ಲವರು ಇರುವ ಕಡೆಗೆ ಅದು ತಲುಪಿತು, ಬದುಕಿತು.

ಆದ್ದರಿಂದ ದಾನದಲ್ಲಿ ಪಾತ್ರ ನೋಡುವುದು ಇಲ್ಲಿಯೂ ಸಲ್ಲುತ್ತದೆ. ಮೂಟೆ ಕಟ್ಟಿ ಗ್ರಂಥಾಲಯದ ಬಾಗಿಲಲ್ಲಿ ಇಳಿಸಿ ಬಂದರೆ ಹೊರೆ ಜಾಗ ಬದಲಿಸುತ್ತದೆ, ಅಷ್ಟೇ. ಮೊದಲು ಪಟ್ಟಿ ಕೊಟ್ಟು, ಏನು ಬೇಕೆಂದು ಕೇಳಬೇಕು. ಹಳಗನ್ನಡ ವ್ಯಾಕರಣ ಎಂ.ಎ. ಓದುವ ಹುಡುಗಿಗೆ ಹೋಗಲಿ. ಕ್ಯಾಸೆಟ್ಟು ಡಿಜಿಟಲ್ ಆಗಿ, ಹಾಡಿದವರ, ನುಡಿಸಿದವರ ಹೆಸರಿನೊಂದಿಗೆ ಸಂಗೀತ ಕಲಿಯುವವರನ್ನು ಸೇರಲಿ. ಇದು ನೆನಪು ಗಟ್ಟಿಯಿರುವಾಗಲೇ ಆಗಬೇಕಾದ ಕೆಲಸ. ಯಾವುದು ಎಲ್ಲಿಂದ ಬಂತು, ಏಕೆ ಮುಖ್ಯ ಎಂದು ಎದುರು ಕೂತು ಹೇಳಿ ಕೊಟ್ಟರೆ, ಪಡೆದವರು ಅದನ್ನು ಜೋಪಾನ ಮಾಡುತ್ತಾರೆ. ಮುಂದೊಂದು ದಿನ ಹಾಗೆಯೇ ಹೇಳಿ ಇನ್ನೊಬ್ಬರಿಗೆ ದಾಟಿಸುತ್ತಾರೆ.