ಅಂಕಿತ ಕೇಳಿಸಬೇಕು

ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತ ಹೆಚ್ಚಾಗಿ ಬರುವುದು ಕೊನೆಯಲ್ಲಿ. ರಾಕ್ ಹಾಡಿನಲ್ಲಿ ಡ್ರಮ್ಸ್, ಸಿಂಬಲ್, ಗಿಟಾರ್ ಎಲ್ಲವೂ ಒಟ್ಟಿಗೆ ತಾರಕಕ್ಕೇರುವುದೂ ಬಹುಮಟ್ಟಿಗೆ ಕೊನೆಯಲ್ಲೇ. ವಚನವೊಂದನ್ನು ರಾಕ್ ಶೈಲಿಗೆ ಕೂರಿಸಲು ಹೊರಟವರ ಕಷ್ಟ ಶುರುವಾಗುವುದು ಇಲ್ಲಿಂದ. ವಚನಕಾರ ಯಾರನ್ನು ಕರೆಯುತ್ತಿದ್ದಾನೆ ಎಂಬುದು ಗೊತ್ತಾಗಬೇಕಾದ ಗಳಿಗೆಯಲ್ಲೇ ಅವನ ದನಿ ಮುಳುಗಿಹೋಗುತ್ತದೆ.

ವಚನಕ್ಕೆ ಇಂಥ ವಾದ್ಯಗಳು ಸಲ್ಲವು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ಹಿಂದೂಸ್ತಾನಿ ಗಾಯನಕ್ಕೆ ತಂದರು. ಶಿಶುನಾಳ ಶರೀಫರ ‘ಗುಡುಗುಡಿಯ’ ಪದ ರಘು ದೀಕ್ಷಿತರ 2008ರ ಆಲ್ಬಮ್ಮಿನಲ್ಲಿ ಗಿಟಾರಿನೊಂದಿಗೆ ಬಂದು ಕಾಲೇಜು ಹುಡುಗರ ಬಾಯಲ್ಲಿ ನಿಂತಿತು. ನಾಳೆ ಇಳಕಲ್ಲಿನದೋ ಹುನಗುಂದದ್ದೋ ನಾಲ್ಕು ಜನ ಹುಡುಗರು ಮನೆಯ ಕೋಣೆಯಲ್ಲೇ ಒಂದು ವಚನವನ್ನು ರೆಕಾರ್ಡ್ ಮಾಡಿದರೆ ಸಂತೋಷಪಡುವವರಲ್ಲಿ ನಾನೂ ಒಬ್ಬ. ಅವರಿಗೆ ಹೇಳಬೇಕಾದದ್ದು ಇಷ್ಟೇ: ಮಿಕ್ಸ್ ಮುಗಿಯಿತು ಎಂದು ನೀವಾಗಿಯೇ ತೀರ್ಮಾನಿಸಬೇಡಿ. ಕೂಡಲಸಂಗಮಕ್ಕೆ ಬಂದು ಜನರಿಗೆ ಕೇಳಿಸಿ.

ಹಾಡು ಮಾಡಿದವನ ಕಿವಿ ಆ ಕೆಲಸಕ್ಕೆ ಬಾರದು. ಸಾಲುಗಳೆಲ್ಲ ಅವನಿಗೆ ಮೊದಲೇ ಗೊತ್ತು. ಗಿಟಾರಿನ ಅಡಿಯಲ್ಲಿ ಅರ್ಧ ಅಕ್ಷರ ಹೂತಿದ್ದರೂ ಉಳಿದರ್ಧವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಅದರ ಮೇಲೆ ಗಂಟೆಗಟ್ಟಲೆ ಜೋರಾಗಿ ಕೇಳಿ ಕಿವಿ ದಣಿದಿರುತ್ತದೆ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಮಂದ್ರದ ದನಿಗಳು ಉಳಿದವುಗಳಿಗಿಂತ ಬೇಗ ಕ್ಷೀಣಿಸುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಕೋಣೆಯಲ್ಲಿ ಅಬ್ಬರಿಸಿದ ಹಾಡು ಮರುದಿನ ಮೆಲ್ಲಗೆ ಹಾಕಿದಾಗ ಸೊರಗಿದಂತೆ ಕೇಳುವುದು ಇದರಿಂದಲೇ. ಬಾಸ್ ಗಿಟಾರಿನ ಅತ್ಯಂತ ದಪ್ಪ ತಂತಿ ಮಿಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಆಳ ಎಟುಕುವುದೇ ಇಲ್ಲ. ಅದೇ ಬಾಸ್ ಕಾರಿನೊಳಗೆ ಬಾಗಿಲು ಅದುರಿಸೀತು.

ಆದರೆ ಕೂಡಲಸಂಗಮದ ಕೇಳುಗರಲ್ಲೂ ಒಂದು ತೊಡಕಿದೆ. ಕೃಷ್ಣಾ ಮಲಪ್ರಭೆ ಕೂಡುವ ಈ ಊರಿಗೆ, ಐಕ್ಯಮಂಟಪದ ದರ್ಶನಕ್ಕೆ ಬರುವವರಲ್ಲಿ ಬಹಳ ಜನರಿಗೆ ವಚನಗಳು ಕಂಠಪಾಠ. ಹಾಡಿದವನಂತೆ ಅವರ ಮನಸ್ಸೂ ಕಾಣೆಯಾದ ಅಕ್ಷರವನ್ನು ತುಂಬಿಕೊಳ್ಳುತ್ತದೆ. “ಹೆಂಗೈತ್ರಿ ಅಜ್ಜಾರ?” ಎಂದು ಕೇಳಿದರೆ “ಭಾಳ ಛಲೋ ಐತಿ ತಮ್ಮಾ” ಎಂಬ ಉತ್ತರ ಬರುತ್ತದೆ. ಅದರಲ್ಲಿ ಪ್ರೀತಿಯಿದೆ, ತಿದ್ದುವುದಕ್ಕೆ ಬೇಕಾದ ಸುಳಿವಿಲ್ಲ. ಹಾಗಾಗಿ ಕೇಳುಗರು ಎರಡು ಬಗೆಯವರು ಬೇಕು, ಇಬ್ಬರಿಗೂ ಕೇಳುವ ಪ್ರಶ್ನೆ ಬೇರೆ. ಆ ವಚನವನ್ನು ಎಂದೂ ಕೇಳಿರದ ಶಾಲೆಯ ಹುಡುಗಿಗೆ ಹಾಡು ಹಾಕಿ “ಏನು ಕೇಳಿಸ್ತು, ಹೇಳವ್ವಾ” ಎನ್ನಬೇಕು. ಅವಳ ಬಾಯಲ್ಲಿ ಯಾವ ಮಾತು ತಪ್ಪಿತೋ ಮಿಕ್ಸ್ ಕೆಟ್ಟಿರುವುದು ಅಲ್ಲಿ. ವಚನ ಬಲ್ಲ ಅಜ್ಜನಿಗೆ ಕೇಳಬೇಕಾದದ್ದು, ಎಲ್ಲಿ ಕಸಿವಿಸಿಯಾಯಿತು ಎಂದು. ಮಾತು ಒಡೆದ ಜಾಗ, ಉಸಿರು ತಪ್ಪಾಗಿ ನಿಂತ ಜಾಗ, ಅಂಕಿತವನ್ನು ಅವಸರದಲ್ಲಿ ನುಂಗಿದ ಜಾಗ ಅವರಿಗೆ ಥಟ್ಟನೆ ಗೊತ್ತಾಗುತ್ತದೆ.

ಅಂಕಿತದ ವಿಷಯದಲ್ಲಿ ಈ ನಾಡಿನ ಕಿವಿ ಎಷ್ಟು ಸೂಕ್ಷ್ಮ ಎಂಬುದಕ್ಕೆ ದಾಖಲೆಯೇ ಇದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ದ ಬದಲು ‘ಲಿಂಗದೇವ’ ಎಂದು ಮುದ್ರಿಸಿದಾಗ ಎದ್ದ ವಿರೋಧದಿಂದ ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ನಿಷೇಧಿಸಿತು; 2017ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ಇಷ್ಟು ಜತನದಿಂದ ಕಾಯ್ದುಕೊಂಡ ಹೆಸರನ್ನು ಒಂದು ಸಿಂಬಲ್ ಹೊಡೆತ ಅಳಿಸಿಹಾಕಬಾರದು.

ಕೇಳುಗರು ನೋವಿನ ಜಾಗ ತೋರಿಸುತ್ತಾರೆ, ಮದ್ದು ಹೇಳುವುದು ಅವರ ಕೆಲಸವಲ್ಲ. “ದನಿ ಕೇಳ್ಸಂಗಿಲ್ಲ” ಎಂದಾಗ ಹುಡುಗರು ಮಾಡುವ ಮೊದಲ ಕೆಲಸ ದನಿಯನ್ನು ಏರಿಸುವುದು. ಆಮೇಲೆ ಗಿಟಾರ್ ಸಪ್ಪೆಯಾಯಿತೆಂದು ಅದನ್ನೂ, ಡ್ರಮ್ಸ್ ಹಿಂದೆ ಸರಿಯಿತೆಂದು ಅದನ್ನೂ ಏರಿಸುತ್ತಾರೆ. ಕೊನೆಗೆ ಎಲ್ಲವೂ ಒಂದೇ ಮಟ್ಟದಲ್ಲಿ ಚಪ್ಪಟೆಯಾಗುತ್ತವೆ. ತೊಂದರೆ ಬೇರೆಡೆ ಇರುತ್ತದೆ. ವ್ಯಂಜನಗಳು ಸ್ಪಷ್ಟವಾಗಿ ಕೇಳಲು ಬೇಕಾದ 2ರಿಂದ 4 ಕಿಲೋಹರ್ಟ್ಸ್‌ನ ಸುತ್ತಲೇ ಡಿಸ್ಟಾರ್ಷನ್ ಗಿಟಾರ್ ಕೂತಿರುತ್ತದೆ. ‘ಸಂಗಮ’ದ ಸಕಾರ ಇನ್ನೂ ಮೇಲೆ, ಸಿಂಬಲ್ಲಿನ ನೆರೆಯಲ್ಲಿದೆ. ಗಿಟಾರಿನ ಆ ಪಟ್ಟಿಯನ್ನಷ್ಟೇ ಕೊಂಚ ತಗ್ಗಿಸಿ, ಎರಡು ಗಿಟಾರುಗಳನ್ನು ಎಡಬಲಕ್ಕೆ ಸರಿಸಿ ನಡುವಿನ ಜಾಗವನ್ನು ದನಿಗೆ ಬಿಟ್ಟುಕೊಟ್ಟರೆ, ಅಂಕಿತ ಬರುವ ಹೊತ್ತಿಗೆ ಸಿಂಬಲ್ ಹೊಡೆತವನ್ನು ಒಂದು ಮಾತ್ರೆ ಮುಂದೂಡಿದರೆ, ದನಿಯನ್ನು ಮುಟ್ಟದೆಯೇ ಮಾತು ಹೊರಬರುತ್ತದೆ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಹಳೆಯದನ್ನೂ ಹೊಸದನ್ನೂ ಒಂದೇ ಜೋರಿನಲ್ಲಿ ಹಾಕಿ ಹೋಲಿಸಬೇಕು. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎನಿಸುವುದು ಎಲ್ಲ ಕಿವಿಗಳಿಗೂ ಅಂಟಿದ ಮರುಳು.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ 2008ರಲ್ಲಿ ಬಂದಾಗ ಸದ್ದು ಚಪ್ಪಟೆಯಾಗಿದೆ, ಕಿವಿ ನೋಯುತ್ತದೆ ಎಂದು ದೂರಿದವರು ಆ ತಂಡದ ಅಭಿಮಾನಿಗಳೇ. ಮರುಮಿಕ್ಸ್ ಕೋರಿದ ಮನವಿಗೆ 10,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ವಿಡಿಯೋ ಗೇಮ್ ಒಂದಕ್ಕೆ ಕೊಟ್ಟಿದ್ದ ಅದೇ ಹಾಡುಗಳು ಅಷ್ಟು ಒತ್ತಡವಿಲ್ಲದೆ ಚೆನ್ನಾಗಿ ಕೇಳುತ್ತಿದ್ದುದರಿಂದ ಅವರ ದೂರಿಗೆ ಪುರಾವೆಯೂ ಸಿಕ್ಕಿತು. ಅದೇ ತಂಡದ 1988ರ ಆಲ್ಬಮ್ಮಿನಲ್ಲಿ ಬಾಸ್ ಗಿಟಾರ್ ಕೇಳಿಸುವುದೇ ಇಲ್ಲ ಎಂಬ ಕೊರಗು ಇಂದಿಗೂ ತೀರಿಲ್ಲ. ಕೇಳಿಸಿಕೊಳ್ಳುವವರು ಇಷ್ಟು ಕಾಳಜಿಯಿಂದ ಕಿವಿಗೊಟ್ಟಾಗ ಅದನ್ನು ಕಿರಿಕಿರಿ ಎಂದುಕೊಳ್ಳುವುದು ತಪ್ಪು.

ತಿದ್ದುವುದಕ್ಕೆ ಕೊನೆಯೂ ಬೇಕು. ಮೈಕೆಲ್ ಜಾಕ್ಸನ್‌ರ ‘ಬಿಲ್ಲಿ ಜೀನ್’ ಹಾಡನ್ನು ಬ್ರೂಸ್ ಸ್ವೀಡನ್ 91 ಸಲ ಮಿಕ್ಸ್ ಮಾಡಿದರು. ಕೊನೆಗೆ 1982ರ ‘ಥ್ರಿಲ್ಲರ್’ ಆಲ್ಬಮ್ಮಿಗೆ ಆಯ್ಕೆಯಾದದ್ದು ಎರಡನೆಯ ಮಿಕ್ಸ್. ಎರಡನೆಯದನ್ನು ಅವರು ಅಳಿಸದೆ ಇಟ್ಟುಕೊಂಡಿದ್ದರಿಂದಲೇ ಅದು ಸಾಧ್ಯವಾಯಿತು. ಹುಡುಗರು ಪ್ರತಿ ಮಿಕ್ಸಿಗೂ ದಿನಾಂಕ ಹಾಕಿ ಕಾಪಿಟ್ಟುಕೊಳ್ಳಲಿ.

ಮೊಬೈಲ್, ಇಯರ್‌ಫೋನ್, ಕಾರು, ಟ್ರ್ಯಾಕ್ಟರಿನ ಸ್ಪೀಕರ್, ಎಲ್ಲದರಲ್ಲೂ ಹಾಕಿ ನೋಡಿದ ಮೇಲೆ ಕೊನೆಯ ಪರೀಕ್ಷೆಗೆ ನಮ್ಮ ಜಾತ್ರೆ, ಮೇಳಗಳಲ್ಲಿ ಕಂಬಕ್ಕೆ ಕಟ್ಟುವ ಕಹಳೆಯಂಥ ಲೌಡ್‌ಸ್ಪೀಕರೇ ಸರಿ. ಅದರಲ್ಲಿ ಬಾಸ್ ಬರುವುದಿಲ್ಲ, ಸಿಂಬಲ್ಲಿನ ಮಿಂಚೂ ಬರುವುದಿಲ್ಲ. ನಡುವಿನ ದನಿಗಳಷ್ಟೇ ಉಳಿದು ಗಾಯಕನೂ ಗಿಟಾರೂ ಎದುರುಬದುರಾಗುತ್ತಾರೆ. ಅಲ್ಲಿ, ದೂರದಲ್ಲಿ ನಿಂತ ಅಪರಿಚಿತರಿಗೂ ಅಂಕಿತದ ಎಂಟೂ ಅಕ್ಷರ ತಲುಪಿದರೆ ಹಾಡನ್ನು ಬಿಡುಗಡೆ ಮಾಡಬಹುದು. ತಲುಪದಿದ್ದರೆ ಗಿಟಾರನ್ನು ಇನ್ನೊಂದಿಷ್ಟು ತಗ್ಗಿಸಿ, ಗಾಯಕನನ್ನು ಕಿರುಚಿಸಬೇಡಿ.