ರೋಗಿಗೆ ಸತ್ಯವನ್ನು ಮರೆಮಾಡುವದು ಪ್ರೀತಿಯೋ?

ಒಬ್ಬನಿಗೆ ಅರ್ಬುದರೋಗ, ಅಂದರೆ ಕ್ಯಾನ್ಸರ್, ಉಂಟೆಂದು ವೈದ್ಯರು ಕಂಡುಕೊಂಡಾಗ ಮನೆಯವರು ಮೊದಲು ಬೇಡಿಕೊಳ್ಳುವದು ಏನು? "ಅಯ್ಯಾ, ಈ ಮಾತು ಆತನ ಕಿವಿಗೆ ಬೀಳದಿರಲಿ" ಎಂಬದೇ. ಇದು ದುರ್ಬುದ್ಧಿಯಿಂದ ಹುಟ್ಟಿದ ಮಾತಲ್ಲ. ರೋಗಕ್ಕಿಂತ ಮುಂಚೆ ಭಯವೇ ಅವನನ್ನು ಕೊಂದೀತೆಂದು ಅವರು ಅಂಜುತ್ತಾರೆ. ಆದರೂ ಇದು ನ್ಯಾಯವೋ ಎಂದು ವಿಚಾರಿಸತಕ್ಕದ್ದು.

ಒಂದು ಕಾಲದಲ್ಲಿ ವೈದ್ಯರೂ ಹೀಗೆಯೇ ಎಣಿಸುತ್ತಿದ್ದರು. ಅಮೇರಿಕದಲ್ಲಿ ಡೊನಾಲ್ಡ್ ಓಕನ್ ಎಂಬ ವೈದ್ಯನು ೧೯೬೧ರಲ್ಲಿ ಪ್ರಕಟಿಸಿದ ವಿಚಾರಣೆಯಲ್ಲಿ, ನೂರರಲ್ಲಿ ಸುಮಾರು ೯೦ ವೈದ್ಯರು ರೋಗಿಗೆ ಹೇಳದಿರುವದೇ ಲೇಸೆಂದರು. ೧೯೭೯ರಲ್ಲಿ ಅದೇ ದೇಶದಲ್ಲಿ ಪ್ರಕಟವಾದ ಮತ್ತೊಂದು ವಿಚಾರಣೆಯಲ್ಲಿ ನೂರರಲ್ಲಿ ೯೭ ಮಂದಿ ಹೇಳುವದೇ ಲೇಸೆಂದರು. ಇಷ್ಟರೊಳಗೆ ವೈದ್ಯರ ಹೃದಯವು ಕಲ್ಲಾಯಿತೋ? ಹಾಗಲ್ಲ. ಚಿಕಿತ್ಸೆಯು ಬೆಳೆಯಿತು, ತನ್ನ ದೇಹದ ವಿಷಯದಲ್ಲಿ ರೋಗಿಯೇ ಒಪ್ಪಿಗೆ ಕೊಡಬೇಕೆಂಬ ತಿಳುವಳಿಕೆಯೂ ಬೆಳೆಯಿತು.

ಈ ರೋಗದಲ್ಲಿ ನುರಿತ ವೈದ್ಯರೊಳಗೆ ಒಬ್ಬರು ಶಸ್ತ್ರದಿಂದ ಗಡ್ಡೆಯನ್ನು ತೆಗೆಯುವರು, ಒಬ್ಬರು ಅನೇಕ ವಾರಗಳ ವರೆಗೆ ಕಿರಣಗಳನ್ನು ಹಾಯಿಸುವರು, ಇನ್ನೊಬ್ಬರು ಉಗ್ರವಾದ ಔಷಧಗಳನ್ನು ಕೊಡುವರು. ಆ ಔಷಧಗಳಿಂದ ಅನೇಕರಿಗೆ ವಾಂತಿಯಾಗುವದು, ಕೂದಲು ಉದುರುವದು. ಯಾತಕ್ಕೆಂದು ತಿಳಿಯದವನು ಇದನ್ನು ಕಡೆಯ ವರೆಗೆ ಸಹಿಸುವದು ಹೇಗೆ? ಅರ್ಧದಲ್ಲಿ ಬಿಟ್ಟು ಊರಿಗೆ ಹೋದರೆ ತಪ್ಪು ಯಾರದು? ಅದಲ್ಲದೆ, ಮನೆಯವರ ಅತ್ತ ಕಣ್ಣುಗಳನ್ನೂ ಪಿಸುಮಾತನ್ನೂ ನೋಡಿ ರೋಗಿಯು ಬಹಳ ಸಾರಿ ತಾನಾಗಿ ಗ್ರಹಿಸುತ್ತಾನೆ. ಆಗ ಅವನು ಅವರಿಗೋಸ್ಕರ, ಅವರು ಅವನಿಗೋಸ್ಕರ ನಟಿಸುತ್ತಾ, ಒಂದೇ ಮನೆಯಲ್ಲಿ ಎಲ್ಲರೂ ಒಂಟಿಯಾಗುತ್ತಾರೆ. ಸಾಲ ತೀರಿಸುವದಕ್ಕೂ, ಮುನಿದ ತಮ್ಮನೊಡನೆ ಸಮಾಧಾನವಾಗುವದಕ್ಕೂ ಇದ್ದ ದಿನಗಳು ಕಳೆದುಹೋಗುತ್ತವೆ. ಆ ದಿನಗಳು ಅವನ ಸೊತ್ತು. ಪ್ರೀತಿಯ ಹೆಸರಿನಿಂದಲೂ ಅವನ್ನು ಕಸುಕೊಳ್ಳಲಾಗದು.

ಹಾಗಾದರೆ ಸತ್ಯವನ್ನು ಕಲ್ಲಿನಂತೆ ಎಸೆಯಬೇಕೋ? ಎಂದಿಗೂ ಬೇಡ. ಎಷ್ಟು ತಿಳಿಯಲು ಮನಸ್ಸುಂಟೆಂದು ಮೊದಲು ಕೇಳಬೇಕು. "ನನಗೆ ಬೇಡ, ನನ್ನ ಮಗನಿಗೆ ಹೇಳಿರಿ" ಎಂದರೆ ಅದನ್ನೂ ಮನ್ನಿಸಬೇಕು. ಯಾಕಂದರೆ ಆ ತೀರ್ಮಾನವು ಅವನದೇ. "ಇನ್ನು ಮಾಡತಕ್ಕದ್ದೇನೂ ಇಲ್ಲ" ಎಂಬದಾದರೋ ಸತ್ಯವೇ ಅಲ್ಲ. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು ೧೯೬೭ರಲ್ಲಿ ಲಂಡನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯವನ್ನು ತೆರೆದು, ಗುಣಹೊಂದದವರಿಗೂ ನೋವು ಮರಳುವ ಮುಂಚೆಯೇ ಹೊತ್ತುಹೊತ್ತಿಗೆ ಔಷಧ ಕೊಟ್ಟು ನೋವನ್ನು ತಗ್ಗಿಸಬಹುದೆಂದು ತೋರಿಸಿದಳು.

ಆದದರಿಂದ ವಾಚಕರೇ, ಸತ್ಯವನ್ನು ಹೇಳಿ ಎದ್ದುಹೋಗುವವನೂ, ಹತ್ತಿರ ಕೂತು ಸುಳ್ಳಾಡುವವನೂ ಅರ್ಧ ಕೆಲಸವನ್ನೇ ಮಾಡುತ್ತಾರೆ. ಮೆಲ್ಲಗೆ ಹೇಳಿ, ಹೇಳಿದ ಮೇಲೆಯೂ ಕೈಬಿಡದೆ ಕೂತಿರುವವನೇ ರೋಗಿಯ ನಿಜವಾದ ನೆರೆಯವನು.