ಊರ್ವಶಿ ಯಾರಿಗೆ ಸಲ್ಲಬೇಕಿತ್ತು?

ಒಂದು ಭಾನುವಾರ ಮಧ್ಯಾಹ್ನ ಚಿಕ್ಕಜಾಲದ ನಮ್ಮ ಮನೆಯ ಟಿವಿಯಲ್ಲಿ ‘ಶರಪಂಜರ’ ಬರುತ್ತಿತ್ತು. ವಾಸಿಯಾಗಿ ಮನೆಗೆ ಬಂದ ಕಾವೇರಿ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುವ ಹೊತ್ತಿಗೆ ಅಮ್ಮ ಎಂದಿನಂತೆ ಹೇಳಿದಳು: ‘ಕಲ್ಪನಾಗೆ ಊರ್ವಶಿ ಕೊಡಬೇಕಿತ್ತು. ಮೋಸ ಆಯ್ತು.’ ಡಿಗ್ರಿ ಓದುವ ಅಕ್ಕನ ಮಗಳು ತಲೆಯೆತ್ತಿ ಕೇಳಿದಳು: ‘ಹಾಗಾದ್ರೆ ಆಗ ಯಾರಿಗೆ ಬಂತು ಅಜ್ಜಿ?’ ಅಮ್ಮನಿಗೆ ಗೊತ್ತಿರಲಿಲ್ಲ. ಅದೇ ಮಾತನ್ನು ಎಷ್ಟೋ ಸಲ ಆಡಿದ್ದ ನನಗೂ ಗೊತ್ತಿರಲಿಲ್ಲ.

ಆಗ ರಾಷ್ಟ್ರಮಟ್ಟದ ಅತ್ಯುತ್ತಮ ನಟಿ ಪ್ರಶಸ್ತಿಯ ಹೆಸರು ಊರ್ವಶಿ. 1971ರ ಚಿತ್ರಗಳಿಗಾಗಿ ಅದನ್ನು ಪಡೆದವರು ‘ರೇಷ್ಮಾ ಔರ್ ಶೇರಾ’ದ ವಹೀದಾ ರೆಹಮಾನ್. 1972ರದ್ದು ಮಲಯಾಳಂನ ‘ಸ್ವಯಂವರಂ’ ಚಿತ್ರದ ಶಾರದಾ ಅವರಿಗೆ. ಇಬ್ಬರೂ ಸಾಮಾನ್ಯ ನಟಿಯರಲ್ಲ. ಕಲ್ಪನಾಗೆ ಮೋಸವಾಯಿತು ಎನ್ನುವಾಗ ನಾವು ಇನ್ನೊಂದು ಮಾತನ್ನೂ ಹೇಳುತ್ತಿರುತ್ತೇವೆ: ಇವರಲ್ಲೊಬ್ಬರು ತಮಗೆ ಸಲ್ಲದ್ದನ್ನು ಪಡೆದರು ಎಂದು. ಅವರ ಚಿತ್ರ ನೋಡದೆ ಹಾಗೆ ಹೇಳುವುದು ಸರಿಯೆ? ಆರೋಪಿಯನ್ನು ಕರೆಯದೆ ತೀರ್ಪು ಕೊಡುವ ನ್ಯಾಯಾಧೀಶರನ್ನು ನಾವು ಒಪ್ಪುವುದಿಲ್ಲ. ಅಭಿಮಾನದಲ್ಲಿ ಮಾತ್ರ ದಿನವೂ ಅಂಥ ತೀರ್ಪು ಕೊಡುತ್ತೇವೆ.

ಹಾಗೆಂದು ತೀರ್ಪುಗಾರರು ಹೇಳಿದ್ದೇ ಸರಿ ಎಂದಲ್ಲ. ಗೆಲ್ಲುವುದು ಬೇರೆ, ಅರ್ಹತೆ ಬೇರೆ. ನಿಯಮದಂತೆ ಆಯ್ಕೆ ನಡೆದರೆ ಗೆದ್ದವರಿಗೆ ಪ್ರಶಸ್ತಿಯ ಹಕ್ಕು ಬರುತ್ತದೆ. ಅಷ್ಟರಿಂದ ಅವರೇ ಹೆಚ್ಚು ಅರ್ಹರು ಎಂದು ಸಾಬೀತಾಗುವುದಿಲ್ಲ. ಕಲ್ಪನಾ ಅಭಿನಯದ ಅರ್ಧ ಇರುವುದು ದನಿಯಲ್ಲಿ. ಯಾವ ಪದದ ಮೇಲೆ ಆ ದನಿ ಬಿರಿಯಿತು ಎಂಬುದು ಕನ್ನಡ ಬಾರದ ತೀರ್ಪುಗಾರನಿಗೆ ಹೇಗೆ ತಿಳಿದೀತು? ಈ ವಾದ ನನಗೆ ಬಹಳ ದಿನ ಹಿಡಿಸಿತ್ತು. ಆದರೆ ಶಾರದಾ ಅವರ ಮಲಯಾಳಂಗೂ ಅದೇ ಕಷ್ಟ ಇತ್ತಲ್ಲ? ವಾದ ಅಲ್ಲಿಗೆ ಕುಂಟುತ್ತದೆ.

ಅದಕ್ಕಿಂತ ಗಟ್ಟಿಯಾದ ಅನುಮಾನ ಇನ್ನೊಂದಿದೆ. ಕನ್ನಡಕ್ಕೆ ಈ ಪ್ರಶಸ್ತಿ ತಂದವರನ್ನು ನೋಡಿ: ‘ಕಾಡು’ (1973) ಚಿತ್ರದ ನಂದಿನಿ ಭಕ್ತವತ್ಸಲ, ‘ಹಸೀನಾ’ದ (2004) ತಾರಾ, ‘ಗುಲಾಬಿ ಟಾಕೀಸ್’ನ (2008) ಉಮಾಶ್ರೀ. ಮೊದಲನೆಯದು ಗಿರೀಶ್ ಕಾರ್ನಾಡರ ಚಿತ್ರ, ಉಳಿದೆರಡು ಗಿರೀಶ್ ಕಾಸರವಳ್ಳಿಯವರವು. ಮೂವರೂ ಅರ್ಹರೇ ಎನ್ನುವವ ನಾನು. ಆದರೂ ಮೂರೂ ಹೊಸ ಅಲೆಯ ಸಾಲಿನವು ಎಂಬುದು ಯೋಚಿಸುವಂತೆ ಮಾಡುತ್ತದೆ. ಮೌನವಾಗಿ ನಟಿಸಿದರೆ ಕಲೆ, ಗಂಟಲು ಬಿಚ್ಚಿ ಅತ್ತರೆ ಅತಿರೇಕ ಎಂಬ ಅಳತೆಗೋಲು ಎಲ್ಲೋ ಕೆಲಸ ಮಾಡಿರಬಹುದು. ಉಮಾಶ್ರೀ ಅವರನ್ನೇ ನೋಡಿ. ಮನೆಗೆ ಟಿವಿ ಬಂದಾಗ ಸೂಲಗಿತ್ತಿ ಗುಲಾಬಿಯ ಮುಖದಲ್ಲಿ ಅರಳುವ ಸಂಭ್ರಮ ಒಂದೇ ಚಿತ್ರದಲ್ಲಿ ಕಲಿತದ್ದಲ್ಲ. ರಂಗಭೂಮಿಯಲ್ಲಿ, ನಾವು ನಕ್ಕು ಮರೆತ ಎಷ್ಟೋ ಹಾಸ್ಯ ಪಾತ್ರಗಳಲ್ಲಿ ಪಳಗಿದ ಮುಖ ಅದು. ಆ ಪಾತ್ರಗಳಿಗೆ ಊರ್ವಶಿ ಸಲ್ಲಬೇಕು ಎಂದು ಜಗಳ ಮಾಡಿದವರು ನಮ್ಮಲ್ಲೂ ಎಷ್ಟು ಜನ? ತೀರ್ಪುಗಾರರ ಕೈಯಲ್ಲಿದ್ದ ಅಳತೆಗೋಲು ನಮ್ಮ ಕೈಯಲ್ಲೂ ಇತ್ತು.

ಹಾಗಾದರೆ ಕಲ್ಪನಾಗೆ ಅನ್ಯಾಯವಾಯಿತೆ? ರಾಜ್ಯ ಪ್ರಶಸ್ತಿ ‘ಶರಪಂಜರ’ಕ್ಕಾಗಿ ಅವರಿಗೆ ಬಂದಿತ್ತು. ಊರ್ವಶಿ ಬರಲಿಲ್ಲ. 1979ರಲ್ಲಿ ಅವರು ಹೋಗಿಬಿಟ್ಟರು. ಆ ಸಾವಿನ ದುಃಖವನ್ನೂ ನಾವು ಪ್ರಶಸ್ತಿಯ ಲೆಕ್ಕಕ್ಕೆ ಸೇರಿಸುತ್ತೇವೆ ಅನಿಸುತ್ತದೆ. ಯಾವ ಪದಕವೂ ತೀರಿಸಲಾರದ ಲೆಕ್ಕ ಅದು. ಅಭಿನಯಕ್ಕೆ ನಾವು ಸಲ್ಲಿಸಬೇಕಾದ ನ್ಯಾಯ ಇನ್ನೊಬ್ಬಳ ಕೈಯಿಂದ ಪ್ರಶಸ್ತಿ ಕಿತ್ತುಕೊಡುವುದಲ್ಲ, ಗಮನವಿಟ್ಟು ನೋಡುವುದು. ಹಾಗೆ ನೋಡುವವರಿಗೆ ಸೋತವಳಷ್ಟೇ ಅಲ್ಲ, ಗೆದ್ದವಳೂ ಕಾಣಬೇಕು.

ಮುಂದಿನ ವಾರ ಮೂವರೂ ಕೂತು ‘ಸ್ವಯಂವರಂ’ ನೋಡಿದೆವು. ಭಾಷೆ ಬಾರದ ಅಮ್ಮ ಕೊನೆಯವರೆಗೂ ಏಳಲಿಲ್ಲ. ಕೂಸನ್ನೆತ್ತಿಕೊಂಡು ಒಂಟಿಯಾದ ಸೀತೆಯನ್ನು ನೋಡುತ್ತ ಕಣ್ಣೊರೆಸಿಕೊಂಡಳು. ಆಮೇಲೆ ಅಂದಳು: ‘ಚೆನ್ನಾಗೇ ಮಾಡಿದಾಳೆ ಕಣೋ. ಆದ್ರೂ ನಂಗೆ ಕಲ್ಪನಾನೇ.’ ಆ ಮಾತಿನಲ್ಲಿ ‘ಮೋಸ’ ಎಂಬ ಪದ ಇರಲಿಲ್ಲ.